ಒಂದೇ ಪದ, ಹಲವು ಕೊರಳು

ಒಮ್ಮೆ ಹೆಸರಾದ ಹಾಡನ್ನು ಮತ್ತೊಬ್ಬರು ತಮ್ಮ ಕೊರಳಿನಲ್ಲಿ ಹಾಡಿದಾಗ ಕೇಳುವವರಲ್ಲಿ ಎರಡು ಪಕ್ಷಗಳಾಗುವುದು ವಾಡಿಕೆ. ‘ಮೂಲದ ಸೊಗಸು ಬರಲಿಲ್ಲ’ ಎನ್ನುವುದು ಒಂದು ಪಕ್ಷ. ‘ಹಳೆಯದಕ್ಕೆ ಹೊಸ ಜೀವ ಬಂತು’ ಎನ್ನುವುದು ಇನ್ನೊಂದು. ಇಂಥ ಮರುಗಾಯನವನ್ನು ಈಗಿನ ತರುಣರು ‘ಕವರ್’ ಎಂದು ಕರೆಯುತ್ತಾರೆ. ಹೆಸರು ಹೊಸದಾದರೂ ಕೆಲಸ ಹಳೆಯದು. ಕುಮಾರವ್ಯಾಸನ ಒಂದೇ ಷಟ್ಪದಿಯನ್ನು ಗಮಕಿಗಳು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಓದಿ ನಮ್ಮನ್ನು ತಣಿಸಿದ್ದಾರೆ. ದಾಸರ ಪದಗಳು ಊರೂರಿಗೆ ಬೇರೆ ಬೇರೆ ಮಟ್ಟುಗಳನ್ನು ತೊಟ್ಟು ಬಂದಿವೆ. ಆದರೂ ಮೇಲಿನ ಎರಡು ಪಕ್ಷಗಳು ಒಂದು ಮಾತನ್ನು ಒಪ್ಪಿಕೊಂಡೇ ವಾದಕ್ಕಿಳಿಯುತ್ತವೆ: ಎಲ್ಲೋ ಒಂದು ‘ಮೂಲ’ವಿದೆ, ಉಳಿದುದೆಲ್ಲ ಅದರ ನೆರಳು ಎಂದು. ಆ ಮೂಲವೇ ಕಿವಿಗೆ ಸಿಕ್ಕದ ಕಡೆ ನಾವು ಯಾವುದನ್ನು ಯಾವುದರೊಡನೆ ತೂಗಬೇಕು? ಶಿಶುನಾಳ ಷರೀಫ ಸಾಹೇಬರ ತತ್ತ್ವಪದಗಳು ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತುತ್ತವೆ.

ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ನಮ್ಮ ದೇಶದಲ್ಲಿ ಗ್ರಾಮಫೋನಿನವರು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ತಟ್ಟೆಗಿಳಿಸಿದ್ದು 1902ರಲ್ಲಿ. ಹೀಗಾಗಿ ಷರೀಫರು ತಮ್ಮ ಪದವನ್ನು ಹೇಗೆ ಹಾಡಿದರು, ಅವರ ಗುರು ಕಳಸದ ಗೋವಿಂದಭಟ್ಟರು ಅದನ್ನು ಯಾವ ಧಾಟಿಯಲ್ಲಿ ಕೇಳಿದರು ಎಂಬುದನ್ನು ಹೇಳಬಲ್ಲ ತಟ್ಟೆಯೂ ಇಲ್ಲ, ಸುರುಳಿಯೂ ಇಲ್ಲ. ಧಾರವಾಡ, ಹಾವೇರಿ ಸೀಮೆಯ ಭಜನೆಯ ಮೇಳಗಳು ಬಾಯಿಂದ ಬಾಯಿಗೆ ಅವನ್ನು ದಾಟಿಸಿಕೊಂಡು ಬಂದವು. ಷರೀಫರ ಪದ ಹಾಡಿದವರೆಲ್ಲರೂ ಮರುಹಾಡಿದವರೇ.

ನಗರದಲ್ಲಿರುವ ನಮಗೆ ಮಾತ್ರ ಒಂದು ಮೂಲ ದೊರೆತುಬಿಟ್ಟಿದೆ. ಅದು ಶ್ರೀ ಸಿ. ಅಶ್ವತ್ಥರ ಮಟ್ಟು. ಧ್ವನಿಸುರುಳಿಗಳಿಂದ ಮನೆಮನೆಗೆ ಬಂದ ಆ ಹಾಡುಗಾರಿಕೆ, 1990ರಲ್ಲಿ ಶ್ರೀ ನಾಗಾಭರಣರು ‘ಸಂತ ಶಿಶುನಾಳ ಷರೀಫ’ ಚಿತ್ರವನ್ನು ಅಶ್ವತ್ಥರ ಸಂಗೀತದೊಡನೆ ತೆರೆಗೆ ತಂದ ಮೇಲೆ ಇನ್ನಷ್ಟು ಬೇರೂರಿತು. ತತ್ತ್ವಪದವೆಂದರೆ ಏನೆಂದು ಅರಿಯದಿದ್ದ ಸಾವಿರಾರು ಜನಕ್ಕೆ ಷರೀಫರನ್ನು ಪರಿಚಯಿಸಿದ ಉಪಕಾರ ಅಶ್ವತ್ಥರದು. ಇದರಲ್ಲಿ ಎರಡು ಮಾತಿಲ್ಲ. ಆದರೆ ಉಪಕಾರದ ಜೊತೆಗೇ ಒಂದು ತೊಡಕೂ ಬಂದಿತು. ನಾನು ತರಗತಿಯಲ್ಲಿ ಷರೀಫರ ಪದವೊಂದನ್ನು ಪಾಠ ಹೇಳುತ್ತಿದ್ದಾಗ, ಹಾವೇರಿಯ ಕಡೆಯಿಂದ ಬಂದ ವಿದ್ಯಾರ್ಥಿಯೊಬ್ಬ ತನ್ನ ಊರಿನ ಭಜನೆಯ ಮಟ್ಟಿನಲ್ಲಿ ಅದನ್ನು ಹಾಡಿದ. ಉಳಿದವರು ನಕ್ಕರು. ‘ಸಾರ್, ಟ್ಯೂನ್ ತಪ್ಪು’ ಎಂದಳು ಮುಂದಿನ ಬೆಂಚಿನ ಹುಡುಗಿ. ಪದ ಹುಟ್ಟಿದ ಸೀಮೆಯವನು ತನ್ನ ಅಜ್ಜನಿಂದ ಕಲಿತ ಧಾಟಿ ತಪ್ಪಾಯಿತು. ಅದಕ್ಕಿಂತ ಎಷ್ಟೋ ಈಚಿನದು ಸರಿಯಾಯಿತು! ಹುಡುಗ ಮುಂದೆ ಹಾಡದೆ ಕುಳಿತುಬಿಟ್ಟ.

ಮಟ್ಟನ್ನು ಮಟ್ಟಿನೊಡನೆ ಹೋಲಿಸಿದರೆ ಇಂಥ ಅನ್ಯಾಯಕ್ಕೆ ದಾರಿಯಾಗುತ್ತದೆ. ನನಗೆ ತೋರುವ ಮಾರ್ಗ ಬೇರೆ. ಪದದಲ್ಲಿ ಮಾತಾಡುವವನು ಯಾರು, ಯಾವ ಸ್ಥಿತಿಯಲ್ಲಿದ್ದಾನೆ, ಯಾರೊಡನೆ ಮಾತಾಡುತ್ತಿದ್ದಾನೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಯಾವ ಕೊರಳು ಆ ಸ್ಥಿತಿಗೆ ಹತ್ತಿರ ಎಂದು ಕೇಳಬೇಕು. ಕ್ಷೇಮೇಂದ್ರನು ಔಚಿತ್ಯವೆಂದು ಕರೆದದ್ದು ಹಾಡುಗಾರಿಕೆಗೂ ಸಲ್ಲುವ ಮಾತು.

‘ಸೋರುತಿಹುದು ಮನೆಯ ಮಾಳಿಗಿ’ ಎಂಬ ಪದವನ್ನು ನೋಡೋಣ. ತಾರಸಿಯ ಮನೆಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಈ ಮಾಳಿಗೆಯನ್ನು ವಿವರಿಸಿಯೇ ಹೇಳಬೇಕು. ಇದು ಬಯಲುಸೀಮೆಯ ಮಣ್ಣಿನ ಮಾಳಿಗೆ. ತೊಲೆಗಳ ಮೇಲೆ ಜಂತಿಗಳನ್ನು ಹಾಸಿ, ಮೇಲೆ ಮಣ್ಣು ಹೊದಿಸಿ ಗಟ್ಟಿಮಾಡುತ್ತಾರೆ. ಮಳೆಗಾಲಕ್ಕೆ ಮುಂಚೆ ಯಾರಾದರೂ ಮೇಲೆ ಹತ್ತಿ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹಾಕಬೇಕು; ಒಂದು ವರ್ಷ ಅಲಕ್ಷ್ಯ ಮಾಡಿದರೆ ಮನೆ ಸೋರುತ್ತದೆ. ಪದದಲ್ಲಿ ಹೇಳುವವನ ಮನೆ ಅಂಥದು. ತೊಲೆ ಮುರಿದಿದೆ, ಜಂತಿ ಹುಳು ಹಿಡಿದಿದೆ, ಮೇಲೆ ಗರಿಕೆ ಬೆಳೆದು ಇರುವೆ ಮುತ್ತಿದೆ. ಮಣ್ಣು ನೀರಿನಲ್ಲಿ ಕರಗಿ ಒಳಗೂ ಹೊರಗೂ ಒಂದೇ ಆಗಿದೆ. ಆಗಸ್ಟ್ ಮುಗಿಯುವ ಹೊತ್ತಿಗೆ ಬರುವ ಹುಬ್ಬೆಯ ಮಳೆ ಬಂದೇಬಿಟ್ಟಿದೆ. ಕತ್ತಲೆಯಲ್ಲಿ ಅವನು ಮೇಲೇರಲಾರ, ದುರಸ್ತಿ ಮಾಡುವವರೂ ಇಲ್ಲ. ಪಕ್ಕದಲ್ಲಿರುವ ಮಡದಿಗೆ ಇದನ್ನು ಹೇಳಿಕೊಂಡು, ಕೊನೆಗೆ ಶಿಶುನಾಳಧೀಶನು ಕಾಯುವನೆಂಬ ನಂಬಿಕೆಯನ್ನು ಹಿಡಿಯುತ್ತಾನೆ. ಸೋರುವುದು ಅಜ್ಞಾನದಿಂದ ಎಂದು ಕವಿಯೇ ಹೇಳಿರುವುದರಿಂದ ಮನೆ ಯಾವುದೆಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ಆದರೆ ತತ್ತ್ವದ ಮನೆಗಿಂತ ಮುಂಚೆ ಅದು ನಿಜವಾಗಿಯೂ ಸೋರುವ ಮನೆ. ಹೇಳುವವನು ನಿಜವಾಗಿಯೂ ಹೆದರಿದ್ದಾನೆ.

ಅಶ್ವತ್ಥರು ಇದನ್ನು ಹಾಡುವಾಗ ಅವರ ತುಂಬುಕಂಠ ನಮ್ಮನ್ನು ಸೆರೆಹಿಡಿಯುತ್ತದೆ. ಒಂದೊಂದು ಮಾತೂ ಅಚ್ಚಿನಂತೆ ಸ್ಫುಟ. ರಂಗಭೂಮಿಯಲ್ಲಿ ನುರಿತ ಆ ದನಿ ದುಃಖವನ್ನು ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟಿಸಬಲ್ಲದು. ನನ್ನ ಸಣ್ಣ ಆಕ್ಷೇಪ ಇಷ್ಟೇ: ಮೇಲೇರಲಾರೆ ಎನ್ನುವವನ ದನಿ ಇಲ್ಲಿ ಮೇಲೇರಿ ನಿಂತುಬಿಡುತ್ತದೆ. ಅಷ್ಟು ಶಕ್ತಿಯಿರುವ ಕೊರಳಿನವನು ಮಾಳಿಗೆಯನ್ನೂ ಹತ್ತಿಯಾನು ಎನಿಸುತ್ತದೆ. ಶ್ರೀ ರಘು ದೀಕ್ಷಿತರು 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಇದೇ ಪದವನ್ನು ಹಾಡಿದ್ದಾರೆ. ಗಿಟಾರು ಬಂದಿತೆಂದು ಮೂಗು ಮುರಿಯುವವರಲ್ಲಿ ನಾನಿಲ್ಲ. ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ. ಅವರ ದನಿಯಲ್ಲಿ ಕಳಕಳಿಯೂ ಇದೆ. ಆದರೆ ಅವರ ವಾದ್ಯಮೇಳ ತಾನೇ ಒಂದು ಗಟ್ಟಿ ಚಾವಣಿಯಾಗಿ ನಿಲ್ಲುತ್ತದೆ. ಒಂದು ಹನಿಯೂ ಒಳಗೆ ಬೀಳದಂತೆ ನಾದ ತುಂಬಿಕೊಳ್ಳುತ್ತದೆ. ಈ ಪದಕ್ಕೆ ಬೇಕಾದದ್ದು ಸಂದು, ಬಿರುಕು, ಮೌನ.

ಅದು ನನಗೆ ಸಿಕ್ಕಿದ್ದು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಭಜನೆಯಲ್ಲಿ. ಏಕತಾರಿಯ ಒಂದೇ ತಂತಿ, ದಮ್ಮಡಿ, ತಾಳ. ಮುಂದಾಳು ವಯಸ್ಸಾದವನು, ಉಸಿರು ಸಾಲದೆ ನಡುವೆ ನಿಲ್ಲುತ್ತಿದ್ದ. ಅವನು ನಿಂತ ಕಡೆ ಹಿಮ್ಮೇಳದವರು ಎತ್ತಿಕೊಳ್ಳುತ್ತಿದ್ದರು. ಒಬ್ಬನ ಮನೆ ಸೋರುತ್ತಿದೆ ಎಂದು ತೊಡಗಿದ್ದು ಮೂರನೆಯ ಸಲಕ್ಕೆ ಎಲ್ಲರ ಮನೆಯೂ ಸೋರುತ್ತಿದೆ ಎಂಬಂತಾಯಿತು. ಸಂಗೀತದ ದೃಷ್ಟಿಯಿಂದ ಶ್ರುತಿ ಅಲ್ಲಲ್ಲಿ ಜಾರಿತ್ತು. ಪದದ ದೃಷ್ಟಿಯಿಂದ ಅದಕ್ಕಿಂತ ಉತ್ತಮವಾದುದನ್ನು ನಾನು ಕೇಳಿಲ್ಲ.

ಹಾಗೆಂದು ಹಳ್ಳಿಯದೆಲ್ಲ ಮೇಲು, ನಗರದ್ದೆಲ್ಲ ಕೀಳು ಎಂದು ತೀರ್ಪು ಕೊಡಲು ಹೊರಟಿಲ್ಲ. ‘ಕೋಡಗನ ಕೋಳಿ ನುಂಗಿತ್ತ’ ಎಂಬ ಪದಕ್ಕೆ ಬಂದರೆ ನನ್ನ ಮತ ಅಶ್ವತ್ಥರಿಗೇ. ಅಲ್ಲಮನ ಬೆಡಗಿನ ವಚನಗಳ ಜಾತಿಗೆ ಸೇರಿದ ಈ ಪದದಲ್ಲಿ ಸಣ್ಣದು ದೊಡ್ಡದನ್ನು ನುಂಗುತ್ತಾ ಹೋಗುತ್ತದೆ. ಕೇಳುವವರು ನಗಲೇಬೇಕು, ಆದರೆ ನಗುತ್ತಿರುವಾಗಲೇ ಕೊನೆಗೆ ಗುರುವಿನ ಪಾದವು ಹಾಡುವವನನ್ನೇ ನುಂಗಿಬಿಡಬೇಕು. ಎಷ್ಟೋ ಮಂದಿ ನಗುವಿನಲ್ಲೇ ನಿಂತುಬಿಡುತ್ತಾರೆ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಅದೊಂದು ಕುಣಿತದ ಹಾಡಾಗಿದೆ. ಅಶ್ವತ್ಥರು ‘ನುಂಗಿತ್ತ’ ಎಂಬ ಶಬ್ದವನ್ನು ಬಾಯ್ತುಂಬ ಸವಿದು ಹೇಳುತ್ತಾರೆ. ಆ ಸವಿಯೇ ಕೊನೆಯ ನುಂಗಾಟಕ್ಕೆ ಸಿದ್ಧತೆ. ಸೋರುವ ಮನೆಯಲ್ಲಿ ಹೆಚ್ಚೆನಿಸಿದ ಅದೇ ನಾಟಕೀಯತೆ ಇಲ್ಲಿ ಉಚಿತವಾಗುತ್ತದೆ.

‘ಅಳಬೇಡ ತಂಗಿ’ ಎಂಬುದನ್ನು ಶ್ರೀ ಶಿವಮೊಗ್ಗ ಸುಬ್ಬಣ್ಣನವರು ಹಾಡಿದಂತೆ ಹಾಡುವುದು ಕಷ್ಟ. ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ, 2022ರಲ್ಲಿ ನಮ್ಮನ್ನಗಲಿದ ಈ ಗಾಯಕರು ವೃತ್ತಿಯಿಂದ ವಕೀಲರಾಗಿದ್ದರು. ಉಡಿಯಕ್ಕಿ ಹಾಕಿ ಮುಂದಕ್ಕೆ ನೂಕಿದ ಮೇಲೆ, ಕಳಿಸಲು ಬಂದವರಲ್ಲಿ ಉಳಿಸಿಕೊಳ್ಳುವವರು ಯಾರೂ ಇಲ್ಲ ಎನ್ನುವ ಪದ ಇದು. ಗಂಡನ ಮನೆಗೆ ಹೋಗುವ ಹೆಣ್ಣಿಗೂ, ಲೋಕ ಬಿಟ್ಟು ಹೋಗುವ ಜೀವಕ್ಕೂ ಒಂದೇ ಸಮಾಧಾನ. ಅನೇಕರು ಅಳಬೇಡವೆನ್ನುತ್ತಾ ತಾವೇ ಅತ್ತುಬಿಡುತ್ತಾರೆ. ಸುಬ್ಬಣ್ಣನವರು ಅಳುವುದಿಲ್ಲ. ಹಿರಿಯಣ್ಣನೊಬ್ಬ ಬಂಡಿಯ ಪಕ್ಕದಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದ ಹಾಗೆ ಹೇಳುತ್ತಾರೆ. ಅಳು ಕೇಳುವವರ ಪಾಲಿಗೆ ಉಳಿಯುತ್ತದೆ.

ಇನ್ನು ‘ಗುಡುಗುಡಿಯ ಸೇದಿ ನೋಡೋ’. ಇಲ್ಲಿ ರಘು ದೀಕ್ಷಿತರಿಗೆ ಮೊದಲ ಮಣೆ. ಮನಸ್ಸನ್ನು ಸಂಚಿಯೆಂದು ಬಿಚ್ಚಿ, ಮೋಹವನ್ನು ಭಂಗಿಯೆಂದು ಕೊಚ್ಚಿ, ಚಿಲುಮೆಯಲ್ಲಿಟ್ಟು ಬೆಂಕಿ ಹಚ್ಚು ಎಂದು ಕವಿ ಗೆಳೆಯನನ್ನು ಕರೆಯುತ್ತಾನೆ. ವ್ಯಸನದ ಭಾಷೆಯಲ್ಲೇ ವಿರಕ್ತಿಗೆ ಆಹ್ವಾನ. ಹಾಗೆ ಕರೆಯುವ ದನಿಯಲ್ಲಿ ಪುಸಲಾಯಿಸುವ ಲವಲವಿಕೆ ಬೇಕು. ಉಪದೇಶದ ಗಾಂಭೀರ್ಯ ಬಂದರೆ ಕೆಟ್ಟಿತು. ದೀಕ್ಷಿತರ ಹಾಡಿಕೆಯಲ್ಲಿ ಆ ಲವಲವಿಕೆ ಧಾರಾಳವಾಗಿದೆ. ಕೇಳಿದ ತರುಣರು ಇದನ್ನು ಹೊಗೆಯ ಹೊಗಳಿಕೆಯೆಂದು ತಿಳಿದರೆ ತಪ್ಪು ಗಿಟಾರಿನದಲ್ಲ. ಆ ಬಲೆಯನ್ನು ಒಡ್ಡಿದವರು ಷರೀಫರೇ. ಬಿದ್ದವನು ಮಾತಿನ ಕಡೆ ಕಿವಿಗೊಟ್ಟರೆ ತಾನಾಗಿ ಎದ್ದಾನು.

ಹೀಗೆ ನಾಲ್ಕು ಪದಗಳಿಗೆ ನಾಲ್ಕು ಬೇರೆ ಕೊರಳುಗಳು ನನಗೆ ಮೆಚ್ಚಿಗೆಯಾದವು. ನನ್ನ ಆಯ್ಕೆಯನ್ನು ವಾಚಕರು ಒಪ್ಪಬೇಕೆಂದಿಲ್ಲ. ಒಪ್ಪದಿರುವವರು ‘ನಾವು ಮೊದಲು ಕೇಳಿದ್ದು ಹೀಗೆ’ ಎಂಬ ಕಾರಣವನ್ನು ಮಾತ್ರ ಕೊಡಬಾರದು. ಮೊದಲು ಕೇಳಿದ್ದು ಮೂಲವಲ್ಲ, ಅದು ನಮ್ಮ ಅಭ್ಯಾಸ. ಧ್ವನಿಮುದ್ರಣ ಒಂದು ಮಟ್ಟನ್ನು ಉಳಿಸಿಕೊಡುವಾಗ, ಅದರ ಜನಪ್ರಿಯತೆಯ ಭಾರಕ್ಕೆ ಹತ್ತು ಮಟ್ಟುಗಳು ಸದ್ದಿಲ್ಲದೆ ಮುಳುಗುತ್ತವೆ. ಭಜನೆಯ ಮೇಳಗಳ ಹುಡುಗರೂ ಈಗ ಊರಿನ ಹಿರಿಯರನ್ನು ಬಿಟ್ಟು ಮೊಬೈಲಿನಿಂದ ಷರೀಫರ ಪದ ಕಲಿಯುವುದನ್ನು ಕಂಡಿದ್ದೇನೆ. ಅದರಲ್ಲಿ ಅಶ್ವತ್ಥರ ದೋಷವೂ ಇಲ್ಲ, ದೀಕ್ಷಿತರ ದೋಷವೂ ಇಲ್ಲ. ಅವರು ತಮ್ಮ ಓದನ್ನು ಹಾಡಿದರು. ಒಂದು ಓದನ್ನೇ ಗ್ರಂಥವೆಂದು ಕಟ್ಟಿಟ್ಟುಕೊಂಡವರು ಕೇಳುಗರಾದ ನಾವು.

ತರಗತಿಯ ಪಾಠವಾಗಲಿ, ಸಂಗೀತದ ಸ್ಪರ್ಧೆಯಾಗಲಿ, ಆಕಾಶವಾಣಿಯಾಗಲಿ, ಒಂದು ಪದವನ್ನು ಎತ್ತಿಕೊಂಡಾಗ ಅದರ ಎರಡು ಮೂರು ಮಟ್ಟುಗಳನ್ನು ಒಟ್ಟಿಗೆ ಕೇಳಿಸುವ ಪದ್ಧತಿ ಬಂದರೆ ಒಳ್ಳೆಯದು. ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಊರಿನಿಂದ ಬಂದ ಹುಡುಗನಿಗೆ ‘ನಿಮ್ಮ ಕಡೆ ಹೇಗೆ ಹಾಡುತ್ತಾರಪ್ಪ?’ ಎಂದು ಕೇಳಿ, ಅವನು ಹಾಡಿ ಮುಗಿಸುವ ತನಕ ಸುಮ್ಮನಿದ್ದರೆ ಸಾಕು.