ಬೆಂಗಳೂರಿನ ಎರಡು ಕಿರು ಅಣುಗಳು

ಕ್ಯಾನ್ಸರ್‌ಗೆ ನೆರವಾಗುವ ಕೋಶಸಂಕೇತಗಳನ್ನು ತಡೆಯುವ ಔಷಧದ ಮೌಲ್ಯವನ್ನು ಅಳೆಯುವಾಗ, ಅದು ಗೆಡ್ಡೆಯನ್ನು ಎಷ್ಟು ಕುಗ್ಗಿಸಿತು ಎಂಬುದಕ್ಕೂ ಮೊದಲು, ತಾನು ಹಿಡಿಯಬೇಕಾದ ಪ್ರೋಟೀನನ್ನೇ ಹಿಡಿಯುತ್ತದೆಯೇ ಎಂದು ಕೇಳಬೇಕಾಗುತ್ತದೆ. ಡಾ. ರೆಡ್ಡೀಸ್ ಸಮೂಹಕ್ಕೆ ಸೇರಿದ ಬೆಂಗಳೂರಿನ ಆರಿಜೀನ್ ಸಂಸ್ಥೆಯಲ್ಲಿ ರೂಪುಗೊಂಡು, 2015ರ ಸಹಯೋಗದ ಮೂಲಕ ಅಮೆರಿಕದ ಕ್ಯೂರಿಸ್ ಕಂಪನಿಯನ್ನು ಸೇರಿದ ಎರಡು ಅಣುಗಳು ಈ ಪ್ರಶ್ನೆಗೆ ಕೊಡುವ ಉತ್ತರ ಒಂದೇ ಬಗೆಯದಲ್ಲ.

ಹೆಚ್ಚು ಸದ್ದು ಮಾಡಿದ್ದು ಸಿಎ-170. ರೋಗನಿರೋಧಕ ಟಿ-ಕೋಶದ ಮೇಲಿರುವ ಪಿಡಿ-1 ಎಂಬ ಗ್ರಾಹಕಕ್ಕೆ ಕ್ಯಾನ್ಸರ್ ಕೋಶದ ಪಿಡಿ-ಎಲ್1 ಪ್ರೋಟೀನು ತಗುಲಿದರೆ ಟಿ-ಕೋಶವು ದಾಳಿಯಿಂದ ಹಿಂದೆ ಸರಿಯುತ್ತದೆ. ಈ ತಡೆಸಂಕೇತವನ್ನು ಮುರಿಯಲು ಸುಮಾರು 1,50,000 ಅಣುತೂಕದ ಪ್ರತಿಕಾಯಗಳನ್ನು ಚುಚ್ಚುಮದ್ದಾಗಿ ಕೊಡುವುದು ರೂಢಿ. ಸೆರೀನ್, ಆಸ್ಪರಜೀನ್, ಥ್ರಿಯೋನೀನ್ ಎಂಬ ಮೂರೇ ಅಮೈನೋ ಆಮ್ಲಗಳಿಂದ ಕಟ್ಟಿದ, ಕೇವಲ 360ರಷ್ಟು ಅಣುತೂಕದ, ನುಂಗಬಹುದಾದ ಔಷಧವೊಂದು ಅದೇ ಕೆಲಸ ಮಾಡುವುದೆಂದರೆ ಕುತೂಹಲ ಕೆರಳುವುದು ಸಹಜವೇ, ಮತ್ತು 2016ರಲ್ಲಿ ರೋಗಿಗಳ ಮೇಲಿನ ಪ್ರಯೋಗವೂ ಆರಂಭವಾಯಿತು. ಆದರೆ 2019ರಲ್ಲಿ ಪೋಲೆಂಡಿನ ಕ್ರಾಕೋವ್‌ನ ಸಂಶೋಧಕರು, ಅಣು ಅಂಟಿದಾಗ ಪ್ರೋಟೀನಿನ ಪರಮಾಣುಗಳ ಕಾಂತೀಯ ಸಂಕೇತ ಕದಲುವುದನ್ನು ಅಳೆಯುವ ಎನ್‌ಎಂಆರ್ ಮೊದಲಾದ ವಿಧಾನಗಳಿಂದ ಪರೀಕ್ಷಿಸಿ, ಸಿಎ-170 ಪಿಡಿ-ಎಲ್1ಕ್ಕೆ ನೇರವಾಗಿ ಅಂಟಿದ ಕುರುಹೇ ಸಿಗಲಿಲ್ಲವೆಂದು ವರದಿ ಮಾಡಿದರು. 2021ರಲ್ಲಿ ಆರಿಜೀನ್ ತಂಡವು, ಅಣು ಆ ಎರಡು ಪ್ರೋಟೀನುಗಳನ್ನು ಬೇರ್ಪಡಿಸುವುದಿಲ್ಲ, ಅವುಗಳ ಜೊತೆ ಸೇರಿ ಸಂಕೇತ ಸಾಗಿಸಲಾರದ ದೋಷಯುಕ್ತ ಕೂಟವೊಂದನ್ನು ರಚಿಸುತ್ತದೆ ಎಂದು ವಿವರಿಸಿತು. ಇದು ಅಸಂಭವವೇನಲ್ಲ; ಆದರೆ ಇಂಥ ವಿವರಣೆ ಪ್ರಯೋಗಕ್ಕೆ ಮುನ್ನವೇ ವಿದ್ವಾಂಸರ ಮುಂದಿರಬೇಕಿತ್ತು, ಆಕ್ಷೇಪದ ಬೆನ್ನಿಗಲ್ಲ.

ಎರಡನೆಯದಾದ ಎಮಾವುಸರ್ಟಿಬ್ ಅಷ್ಟು ಹೆಸರು ಮಾಡಲಿಲ್ಲವಾದರೂ ಅದರ ತಳಹದಿ ಗಟ್ಟಿ. ಅದರ ಗುರಿ ಐಆರ್‌ಎಕೆ4 ಎಂಬ ಕೈನೇಸ್, ಅಂದರೆ ಕೋಶದ ಶಕ್ತಿವಾಹಕ ಅಣುವಾದ ಎಟಿಪಿಯಿಂದ ಫಾಸ್ಫೇಟನ್ನು ಕಿತ್ತು ಮತ್ತೊಂದು ಪ್ರೋಟೀನಿಗೆ ಜೋಡಿಸಿ ಸಂಕೇತವನ್ನು ಮುಂದಕ್ಕೆ ದಾಟಿಸುವ ಕಿಣ್ವ. ಸೋಂಕಿನ ಸಂಕೇತವನ್ನು ಐಆರ್‌ಎಕೆ4ಕ್ಕೆ ತಲುಪಿಸುವುದು ಎಂವೈಡಿ88 ಎಂಬ ಪ್ರೋಟೀನು; ಅದರ ಜೀನಿನ ಒಂದು ಬದಲಾವಣೆಯಿಂದ ಸೋಂಕಿಲ್ಲದಾಗಲೂ ಈ ಸಂಕೇತ ಸದಾ ಹೊತ್ತಿಕೊಂಡಿರುತ್ತದೆ. ವಾಲ್ಡನ್‌ಸ್ಟ್ರೋಮ್ ಎಂಬ ಅಪರೂಪದ ರಕ್ತಕ್ಯಾನ್ಸರಿನ ಶೇ. 90ಕ್ಕೂ ಹೆಚ್ಚು ರೋಗಿಗಳಲ್ಲಿ ಈ ಬದಲಾವಣೆ ಕಾಣುತ್ತದೆ. ಐಆರ್‌ಎಕೆ4ರಲ್ಲಿ ಎಟಿಪಿ ಕೂರುವ ಆಳವಾದ ಕುಳಿ ಕಿರು ಅಣುವಿಗೆ ಹಿಡಿತ ಕೊಡುತ್ತದೆ. ಪಿಡಿ-ಎಲ್1ನ ಚಪ್ಪಟೆ ಮೇಲ್ಮೈಯಲ್ಲಿ ಆ ಅನುಕೂಲವಿಲ್ಲ. ಆದರೂ ಗುರಿ ಖಚಿತವಾದ ಮಾತ್ರಕ್ಕೆ ಮಾತ್ರೆ ನಿರಪಾಯವಾಗದು: ಸ್ನಾಯುನಾಶವೂ ಒಂದು ಕಾರಣವಾಗಿದ್ದ ರೋಗಿಯೊಬ್ಬರ ಸಾವಿನ ಬಳಿಕ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಪ್ರಯೋಗಕ್ಕೆ ಭಾಗಶಃ ತಡೆಯೊಡ್ಡಿತು, ಲ್ಯುಕೀಮಿಯಾ ರೋಗಿಗಳ ಮಟ್ಟಿಗೆ ಅದು ತೆರವಾದದ್ದು 2023ರಲ್ಲಿ.