ಚಪ್ಪಾಳೆಗೆ ಮೊದಲು ಹೂವು

ಆಗಸ್ಟ್ 30ರಿಂದ ಒಂಬತ್ತು ದಿನ ಮಂಗಳೂರು ಸೀಮೆಯ ಇಗರ್ಜಿಗಳಿಗೆ ಮಕ್ಕಳು ಬರಿಗೈಯಲ್ಲಿ ಬರುವುದಿಲ್ಲ. ತಟ್ಟೆಯಲ್ಲೋ ಬುಟ್ಟಿಯಲ್ಲೋ ದಾಸವಾಳ, ಗೊಂಡೆ, ಬೇಲಿಯಲ್ಲಿ ಮಳೆಗೆ ನೆನೆದ ಯಾವುದೋ ಕಾಡುಹೂ ಇರುತ್ತದೆ. ಪ್ರಾರ್ಥನೆಯಾದ ಮೇಲೆ ಸಾಲಾಗಿ ಹೋಗಿ, ಹಾಡಿಕೊಂಡೇ ಬಾಲೆ ಮರಿಯಮ್ಮನ ಪ್ರತಿಮೆಗೆ ಹೂ ಎರಚುತ್ತಾರೆ. ಸೆಪ್ಟೆಂಬರ್ 8 ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬ. ಅಂದು ಹೊಸ ತೆನೆಗೆ ಆಶೀರ್ವಾದ, ಹೂ ತಂದ ಮಕ್ಕಳಿಗೆ ಕಬ್ಬು. ಧರ್ಮಶಿಕ್ಷಣದ ತರಗತಿಯಲ್ಲಿ ಕೆಲವು ವರ್ಷ ಪಾಠ ಹೇಳಿದ್ದೇನೆ. ಆರಾಧನೆಯಲ್ಲಿ ಸಂತೋಷಪಡುವುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಇಂದು ಆ ಕೆಲಸ ಹೆಚ್ಚಾಗಿ ಬೇಸಿಗೆ ರಜೆಯ ಬೈಬಲ್ ಶಿಬಿರಗಳ ಪಾಲಿಗೆ ಬಂದಿದೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನ್ಯೂಯಾರ್ಕಿನ ಬೀದಿಗಳಲ್ಲಿ ಅಲೆಯುತ್ತಿದ್ದ ಮಕ್ಕಳಿಗಾಗಿ ಹುಟ್ಟಿದ ಈ ಪದ್ಧತಿಯನ್ನು ಹಗುರವಾಗಿ ಕಾಣುವಂತಿಲ್ಲ. ಆ್ಯಕ್ಷನ್ ಸಾಂಗ್ ಶುರುವಾದರೆ ಮೂಲೆಯಲ್ಲಿ ಕೂತ ನಾಚಿಕೆಯ ಹುಡುಗನೂ ಎದ್ದು ಬರುತ್ತಾನೆ. ಕೈತಟ್ಟಿರಿ ಎಂದು 47ನೇ ಕೀರ್ತನೆಯೇ ಕರೆಯುತ್ತದೆ. 150ನೇ ಕೀರ್ತನೆಯಲ್ಲಿ ತಂಬೂರಿ, ತಾಳ, ಕುಣಿತ ಎಲ್ಲವೂ ಇವೆ. ನನ್ನ ತಕರಾರು ಹಾಡಿನ ಮೇಲಲ್ಲ, ಅದನ್ನು ಕಲಿಸುವ ರೀತಿಯ ಮೇಲೆ. ವೇದಿಕೆಯಲ್ಲಿರುವವರು 'ಇನ್ನೂ ಜೋರಾಗಿ' ಎನ್ನುತ್ತಾರೆ, ಗಟ್ಟಿಯಾಗಿ ಕೂಗಿದ ಗುಂಪಿಗೆ ಬಹುಮಾನ ಕೊಡುತ್ತಾರೆ. ಮಗುವಿನ ಕಣ್ಣು ದೇವರ ಕಡೆಗಿರದೆ ಟೀಚರ ಮುಖದ ಮೇಲಿರುತ್ತದೆ. ನಗು ಕೂಡ ಕವಾಯತಿನ ಭಾಗವಾಗಿಬಿಡುತ್ತದೆ. ಮನೆಯಲ್ಲಿ ಸಾವಾದ ಮಗುವೂ ಆ ಸಾಲಿನಲ್ಲಿ ಇದ್ದೀತು; ಅದು ಸುಮ್ಮನೆ ನಿಲ್ಲಲು ಅಲ್ಲಿ ಜಾಗವಿಲ್ಲ. ಕೀರ್ತನೆಗಳಲ್ಲಾದರೆ ಅಳುವವರಿಗೂ ಜಾಗವಿದೆ.

ಅದಕ್ಕಿಂತ ನೋವಿನ ಮಾತೊಂದಿದೆ. ಶಿಬಿರದಲ್ಲಿ ಕುಣಿಸಿದ ಅದೇ ಮಕ್ಕಳಿಗೆ ಭಾನುವಾರ 'ಕೈಕಟ್ಟಿ ಕೂತ್ಕೊ, ಸದ್ದು ಮಾಡ್ಬೇಡ' ಎನ್ನುತ್ತೇವೆ. ಸಂತೋಷ ಶಿಬಿರಕ್ಕೆ, ಗಾಂಭೀರ್ಯ ದೇವರಿಗೆ ಎಂದು ಮಕ್ಕಳು ತಾವೇ ತೀರ್ಮಾನಿಸಿಕೊಳ್ಳುತ್ತಾರೆ. ಮತ್ತಾಯನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಮಕ್ಕಳು ಹೊಸಾನ್ನ ಎಂದು ಕೂಗಿದ್ದು ದೇವಾಲಯದ ಒಳಗೇ. ಸಿಟ್ಟಾದವರು ಯಾಜಕರು, ಮಕ್ಕಳ ಪರ ನಿಂತವರು ಯೇಸು. ಮಕ್ಕಳು ಪಾಲ್ಗೊಳ್ಳುವ ಬಲಿಪೂಜೆಗಾಗಿ ವತಿಕಾನ್ 1973ರಲ್ಲಿ ಹೊರಡಿಸಿದ ನಿರ್ದೇಶನವೂ ಮೆರವಣಿಗೆಗೆ, ಮೈಕೈಗಳ ಚಲನೆಗೆ ಪೂಜೆಯಲ್ಲೇ ಎಡೆಮಾಡಿಕೊಡುತ್ತದೆ, ಜೊತೆಗೆ ಮೌನವನ್ನೂ ಕೇಳುತ್ತದೆ. ಆ ಎರಡನೆಯದನ್ನು ಶಿಬಿರಗಳು ಮರೆತಿವೆ, ಮೊದಲನೆಯದನ್ನು ನಮ್ಮ ಭಾನುವಾರಗಳು.

ಹೂವಿನ ಸಾಲಿನಲ್ಲಿ ಎರಡೂ ತಾವಾಗಿ ಕೂಡಿಬರುತ್ತವೆ. ನಗು ಎಂದು ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಎದ್ದು ಹೂ ಹುಡುಕಬೇಕು, ಬಾಡದಂತೆ ನೋಡಿಕೊಳ್ಳಬೇಕು, ಮುಂದಿನವರನ್ನು ತಳ್ಳದೆ ಕಾಯಬೇಕು, ತನ್ನ ಸರದಿ ಬಂದಾಗ ಮುಷ್ಟಿ ಬಿಚ್ಚಬೇಕು. ಮುಷ್ಟಿ ಬಿಚ್ಚುವ ಆ ಗಳಿಗೆಯಲ್ಲಿ ಮಕ್ಕಳ ಮುಖ ನೋಡಬೇಕು! ತಾನು ತಂದದ್ದನ್ನು ಕೊಟ್ಟ ಸಂತೋಷ ಅದು. ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಪ್ರಥಮ ಫಲದ ಬುಟ್ಟಿಯ ವಿಧಿಯನ್ನು ಹೇಳುವುದೂ ಹೀಗೆಯೇ: ಮೊದಲು ಬುಟ್ಟಿ ತಂದಿಡು, ಆಮೇಲೆ ಊರಲ್ಲಿರುವ ಪರದೇಶಿಯನ್ನೂ ಸೇರಿಸಿಕೊಂಡು ಸಂಭ್ರಮಿಸು. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಗೆ ಬಂದು, ಅದರ ಕಾಳು ಪಾಯಸಕ್ಕೋ ಹಾಲಿಗೋ ಬಿದ್ದು, ಎಲ್ಲರೂ ಒಟ್ಟಿಗೆ ಕೂತು ಸಸ್ಯಾಹಾರದ ಊಟ ಮಾಡುವಾಗ ಇಗರ್ಜಿಯ ಸಂತೋಷ ಅಡುಗೆಮನೆಗೂ ಬಂದಿರುತ್ತದೆ.

ಹಾಗೆಂದು ಇಲ್ಲಿ ಕೊರತೆಯಿಲ್ಲವೆಂದಲ್ಲ. ಹೂ ಏಕೆ, ತೆನೆ ಏಕೆ ಎಂದು ಮಕ್ಕಳಿಗೆ ಬಿಡಿಸಿ ಹೇಳುವವರು ಕಡಿಮೆ. ಕಬ್ಬಿನ ನೆನಪಷ್ಟೇ ಉಳಿದವರನ್ನು ಕಂಡಿದ್ದೇನೆ. ಪೇಟೆಯಲ್ಲಿ ಅಂಗಡಿಯ ಹೂವನ್ನು ಅಪ್ಪ ಕೊನೆಯ ಗಳಿಗೆಯಲ್ಲಿ ಕೈಗಿಟ್ಟರೆ ಹುಡುಕುವ ಅರ್ಧ ಪಾಠ ಹೋದಂತೆ. ದೊಡ್ಡವರು ಬದಿಯಲ್ಲಿ ಮೊಬೈಲ್ ಹಿಡಿದು ನಿಲ್ಲುವುದಂತೂ ನನ್ನನ್ನು ನಿಜವಾಗಿ ಕಾಡುತ್ತದೆ. ಮಂಜೂಷದ ಮುಂದೆ ದಾವೀದ ಕುಣಿದಾಗ ಅವನ ಹೆಂಡತಿ ಮೀಕಲಳು ಕಿಟಕಿಯಿಂದ ನೋಡಿದಳು. ಅವಳ ಹಾಗೆ ನಮ್ಮಲ್ಲಿ ತಿರಸ್ಕಾರವಿಲ್ಲದಿರಬಹುದು, ಆದರೆ ನಿಂತ ಜಾಗ ಆ ಕಿಟಕಿಯೇ. ಆರಾಧನೆಯ ಸಂತೋಷ ಸಣ್ಣವರಿಗೆ ಮಾತ್ರ ಎಂದು ಮಗು ಅಲ್ಲಿಂದಲೇ ಕಲಿಯುತ್ತದೆ.

ನಮ್ಮಜ್ಜಿ ಹಾಗೆ ಬದಿಯಲ್ಲಿ ನಿಂತವರಲ್ಲ. ಒಂಬತ್ತೂ ದಿನ ಮಕ್ಕಳ ಸಾಲಿನ ಕೊನೆಗೆ ಬಂದು ಸೇರಿಕೊಳ್ಳುತ್ತಿದ್ದರು, ಸೆರಗಿನಲ್ಲಿ ನಾಲ್ಕು ಅಬ್ಬಲಿಗೆ ಕಟ್ಟಿಕೊಂಡು.