ಒಂದು ವಾರದ ಎರಡು ತೀರ್ಪುಗಳು: ಹಿಂದೂಪುರ, ಕಲ್ಯಾಣದುರ್ಗಗಳಿಂದ ಒಂದು ಓದು

2002ರ ಅಕ್ಟೋಬರ್ ಕೊನೆಯಲ್ಲಿ, ಏಳು ದಿನಗಳ ಒಳಗೆ, ಸರ್ವೋಚ್ಚ ನ್ಯಾಯಾಲಯದಿಂದ ಎರಡು ತೀರ್ಪುಗಳು ಹೊರಬಂದವು. 25ರಂದು ಬಂದದ್ದು ಸೇಲಂ ವಕೀಲರ ಸಂಘದ ಪ್ರಕರಣದ ತೀರ್ಪು. ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಸಂಸತ್ತು ತಂದಿದ್ದ ತಿದ್ದುಪಡಿಗಳನ್ನು ಅದು ಎತ್ತಿಹಿಡಿಯಿತು. 31ರಂದು ಬಂದದ್ದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು. ಭಾಷಾ ಅಲ್ಪಸಂಖ್ಯಾತರು ಯಾರೆಂಬುದನ್ನು ಅದು ನಿರ್ಣಯಿಸಿತು. ಎರಡೂ ಪೀಠಗಳ ಮುಖ್ಯಸ್ಥರು ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಎನ್. ಕೃಪಾಲ್ ಅವರೇ. ಸಂವಿಧಾನದ ವಿದ್ಯಾರ್ಥಿಗಳು ಎರಡನೆಯದನ್ನು ಓದುತ್ತಾರೆ, ಸಿವಿಲ್ ವಕೀಲರು ಮೊದಲನೆಯದನ್ನು. ಎರಡನ್ನೂ ಅಕ್ಕಪಕ್ಕ ಇಟ್ಟು ಓದುವ ಪ್ರಸಂಗ ವಿರಳ. ಹಾಗೆ ಓದಬೇಕಾದ ಅಗತ್ಯ ಯಾರಿಗಾದರೂ ಇದ್ದರೆ ಅದು ಗಡಿನಾಡಿನ ಕನ್ನಡಿಗರಿಗೆ. ವಿಶೇಷವಾಗಿ ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗಗಳ ಸಿವಿಲ್ ನ್ಯಾಯಾಲಯಗಳಲ್ಲಿ ವಾದಿಯಾಗಿಯೋ ಸಾಕ್ಷಿಯಾಗಿಯೋ ನಿಲ್ಲುವ ಕನ್ನಡಿಗರಿಗೆ. ಒಂದು ತೀರ್ಪು ಅವರನ್ನು ಅಲ್ಪಸಂಖ್ಯಾತರೆಂದು ಗುರುತಿಸುತ್ತದೆ. ಇನ್ನೊಂದು ಅವರ ಮಾತು ದಾಖಲೆಗೆ ಏರುವ ಬಗೆಯನ್ನು ನಿರ್ಧರಿಸುತ್ತದೆ. ಒಂದಕ್ಕೆ ಇನ್ನೊಂದರ ಅರಿವಿಲ್ಲ ಎಂಬುದೇ ಈ ಬರಹದ ಆಕ್ಷೇಪ.

1. ರಾಜ್ಯವೆಂಬ ಘಟಕ

ಪೈ ಪ್ರತಿಷ್ಠಾನದ ತೀರ್ಪಿನ ತರ್ಕ ಸರಳವಾದುದು. ರಾಜ್ಯಗಳು ಭಾಷೆಯ ಆಧಾರದ ಮೇಲೆ ಪುನರ್ವಿಂಗಡಣೆಗೊಂಡಿವೆ; ಆದ್ದರಿಂದ ಭಾಷಾ ಅಲ್ಪಸಂಖ್ಯಾತರನ್ನು ಅಳೆಯುವ ಘಟಕವೂ ರಾಜ್ಯವೇ ಆಗಬೇಕು. ಅದಕ್ಕೂ ಮುಂಚೆ, 1971ರ ಡಿ.ಎ.ವಿ. ಕಾಲೇಜಿನ ಪ್ರಕರಣದಲ್ಲಿ, ಭಾಷಾ ಅಲ್ಪಸಂಖ್ಯಾತ ಸಮುದಾಯಕ್ಕೆ ಪ್ರತ್ಯೇಕವಾದ ಆಡುಮಾತು ಇದ್ದರೆ ಸಾಕು, ಪ್ರತ್ಯೇಕ ಲಿಪಿ ಇರಲೇಬೇಕೆಂದಿಲ್ಲ ಎಂದು ಇದೇ ನ್ಯಾಯಾಲಯ ಹೇಳಿತ್ತು. ಒಂದೇ ಮೂಲದಿಂದ ಕವಲೊಡೆದ ಲಿಪಿಗಳುಳ್ಳ ಕನ್ನಡ ತೆಲುಗುಗಳ ಗಡಿಯಲ್ಲಿ ಈ ಮಾತಿಗೆ ತೂಕವಿದೆ. ಎರಡು ತೀರ್ಪುಗಳನ್ನೂ ಕೂಡಿಸಿದರೆ ಆಂಧ್ರಪ್ರದೇಶದ ಕನ್ನಡಿಗರು ನಿಸ್ಸಂದೇಹವಾಗಿ ಭಾಷಾ ಅಲ್ಪಸಂಖ್ಯಾತರು.

ಈ ಮಾನದಂಡ ನೆಲದ ಮೇಲೆ ಹೇಗೆ ಕಾಣುತ್ತದೆ ಎಂಬುದಕ್ಕೆ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುವ ನೇರ ದಾರಿಯನ್ನು ನೋಡಬಹುದು. ಅದು ಮಡಕಶಿರದ ಸೀಮೆಯನ್ನು ಹಾದು ಕರ್ನಾಟಕದ ಪಾವಗಡ ತಾಲ್ಲೂಕನ್ನು ಹೊಕ್ಕು ಮತ್ತೆ ಆಂಧ್ರವನ್ನು ಸೇರುತ್ತದೆ. ಪಾವಗಡವೋ ಬಹುಪಾಲು ಆಂಧ್ರದಿಂದ ಸುತ್ತುವರಿದ ತಾಲ್ಲೂಕು. ಆ ದಾರಿಯಲ್ಲಿ ಸಾಗುವ ಕನ್ನಡಿಗನು ಹೊರಡುವಾಗ ಅಲ್ಪಸಂಖ್ಯಾತ, ನಡುದಾರಿಯಲ್ಲಿ ಬಹುಸಂಖ್ಯಾತ, ಇಳಿಯುವಾಗ ಮತ್ತೆ ಅಲ್ಪಸಂಖ್ಯಾತ. ಅವನ ಜೊತೆಯಲ್ಲಿರುವ ತೆಲುಗು ನೆರೆಯವನದು ಇದಕ್ಕೆ ತದ್ವಿರುದ್ಧ. ಇಬ್ಬರ ಬಾಯಲ್ಲಿಯೂ ಎರಡು ಭಾಷೆಗಳಿವೆ. ದಾರಿಯುದ್ದಕ್ಕೂ ಮಾತು ಬದಲಾಗುವುದು ಎದುರಿಗಿರುವವನನ್ನು ನೋಡಿ, ರಾಜ್ಯವನ್ನು ನೋಡಿ ಅಲ್ಲ. ಹೇಮಾವತಿಯ ನೊಳಂಬರ ಶಾಸನಗಳೂ ಲೇಪಾಕ್ಷಿಯ ವೀರಭದ್ರ ದೇವಾಲಯದ ಶಾಸನಗಳೂ ಕನ್ನಡದಲ್ಲಿರುವ ಸೀಮೆ ಇದು. ಇಲ್ಲಿ ಕನ್ನಡವು ವಲಸೆ ಬಂದದ್ದಲ್ಲ, ಗಡಿ ಬಂದದ್ದು.

ಹಾಗೆಂದು ರಾಜ್ಯವನ್ನು ಘಟಕವೆಂದು ಎಣಿಸಿದ್ದೇ ತಪ್ಪು ಎನ್ನುವುದು ಅವಸರದ ಮಾತಾದೀತು. ತಾಲ್ಲೂಕನ್ನೋ ಗ್ರಾಮವನ್ನೋ ಘಟಕವಾಗಿ ಹಿಡಿದರೆ, ಕನ್ನಡಿಗರು ಹೆಚ್ಚಾಗಿರುವ ಗಡಿಯ ಹಳ್ಳಿಯಲ್ಲಿ ಅವರು ಅಲ್ಪಸಂಖ್ಯಾತರೇ ಅಲ್ಲವೆಂಬ ವಾದ ಹುಟ್ಟಿ, ಇರುವ ರಕ್ಷಣೆಯೂ ತಪ್ಪಿಹೋದೀತು. ಅಲ್ಪಸಂಖ್ಯಾತರು ಯಾರು ಎಂಬ ಪ್ರಶ್ನೆಗೆ ರಾಜ್ಯವೇ ಸರಿಯಾದ ಉತ್ತರ. ದೋಷವಿರುವುದು ಬೇರೆಡೆ: ಯಾರು ಎಂಬ ಪ್ರಶ್ನೆಗೆ ದೊರೆತ ಉತ್ತರವನ್ನೇ ಎಲ್ಲಿ, ಯಾವ ಕಚೇರಿಯಲ್ಲಿ, ಯಾವ ಕೆಲಸಕ್ಕೆ ಎಂಬ ಪ್ರಶ್ನೆಗೂ ಸಾಕೆಂದು ಭಾವಿಸಿದಲ್ಲಿ. ಈ ಎರಡನೆಯ ಪ್ರಶ್ನೆಯನ್ನು ಒಕ್ಕೂಟ ಸರಕಾರವು 1956ರಲ್ಲಿಯೇ ಎತ್ತಿತ್ತು. ಜಿಲ್ಲೆ, ಪುರಸಭೆ ಅಥವಾ ತಾಲ್ಲೂಕಿನಂಥ ಸಣ್ಣ ಪ್ರದೇಶದಲ್ಲಿ ಭಾಷಾ ಅಲ್ಪಸಂಖ್ಯಾತರು ಶೇಕಡ 15ರಿಂದ 20ರಷ್ಟಿದ್ದರೆ ಮುಖ್ಯ ಸರಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸುವುದು ಯುಕ್ತವೆಂದು ಆ ವರ್ಷದ ರಕ್ಷಣೋಪಾಯಗಳ ಜ್ಞಾಪನ ಪತ್ರ ಹೇಳುತ್ತದೆ. ಆಡಳಿತಕ್ಕೆ ತಾಲ್ಲೂಕು ಕಂಡಿತ್ತು. ಆದರೆ ಜ್ಞಾಪನ ಪತ್ರವು ಕಾನೂನಲ್ಲ. ಅದನ್ನು ಹಿಡಿದು ದಾವೆ ಹೂಡಲಾಗದು. ದಾವೆಗೆ ಆಸರೆಯಾಗುವ ತೀರ್ಪಿಗೆ ತಾಲ್ಲೂಕು ಕಾಣುವುದಿಲ್ಲ.

2. ಸಾಕ್ಷಿಯ ಮಾತು, ವಕೀಲರ ಬರಹ

ಈಗ ಸೇಲಂ ತೀರ್ಪಿಗೆ ಬರೋಣ. ಅದು ಎತ್ತಿಹಿಡಿದ ತಿದ್ದುಪಡಿಗಳಲ್ಲಿ ಸಂಹಿತೆಯ 18ನೆಯ ಆದೇಶದ 4ನೆಯ ನಿಯಮ ಒಂದು. ಅದರಂತೆ, ಪಕ್ಷಕಾರರು ತಾವೇ ಕರೆತರುವ ಸಾಕ್ಷಿಯ ಮುಖ್ಯ ವಿಚಾರಣೆ ಬಾಯಿಮಾತಿನಲ್ಲಿ ನಡೆಯುವುದಿಲ್ಲ. ಲಿಖಿತ ಪ್ರಮಾಣಪತ್ರದ ಮೂಲಕ ಸಲ್ಲುತ್ತದೆ. ವಿಳಂಬವನ್ನು ತಗ್ಗಿಸುವುದೇ ಉದ್ದೇಶ. ಆ ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ಪ್ರಮಾಣಪತ್ರವನ್ನು ಬರೆಯುವವರು ವಕೀಲರು. ಬರೆಯುವ ಭಾಷೆ ನ್ಯಾಯಾಲಯದ್ದು, ಅಂದರೆ ಇಲ್ಲಿ ತೆಲುಗು ಅಥವಾ ಇಂಗ್ಲಿಷ್. ಕಲ್ಯಾಣದುರ್ಗದ ಕನ್ನಡಿಗ ರೈತನ ಹೇಳಿಕೆಯು ಅವನಾಡದ ವಾಕ್ಯಗಳಲ್ಲಿ, ಅವನು ಓದಲಾಗದಿರಬಹುದಾದ ಭಾಷೆಯಲ್ಲಿ ದಾಖಲೆಯನ್ನು ಸೇರುತ್ತದೆ. ಅವನ ದನಿ ಮೊದಲ ಬಾರಿಗೆ ಕೇಳಿಸುವುದು ಪಾಟೀ ಸವಾಲಿನಲ್ಲಿ, ಎದುರು ಪಕ್ಷದವರು ಅದೇ ಬರಹವನ್ನು ಹಿಡಿದು ಕೆಣಕುವಾಗ.

ಸಂಹಿತೆಯಲ್ಲಿ ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಸಾಕ್ಷ್ಯವನ್ನು ನುಡಿದ ಭಾಷೆಗಿಂತ ಬೇರೆ ಭಾಷೆಯಲ್ಲಿ ಬರೆದುಕೊಂಡಿದ್ದು, ಆ ಭಾಷೆ ಸಾಕ್ಷಿಗೆ ತಿಳಿಯದಿದ್ದರೆ, ಬರೆದುದನ್ನು ಅವನ ಭಾಷೆಯಲ್ಲಿ ವಿವರಿಸಬೇಕೆಂದು ಅದೇ ಆದೇಶದ 6ನೆಯ ನಿಯಮ ವಿಧಿಸುತ್ತದೆ. ಆದರೆ ವಿವರಣೆಯು ಕಿವಿಗೆ ಬಿದ್ದು ಗಾಳಿಗೆ ಸೇರುತ್ತದೆ. ಕಡತದಲ್ಲಿ ಉಳಿಯುವುದು ಅನುವಾದ. ಅಪರಾಧ ಪ್ರಕರಣಗಳ ವಿಷಯದಲ್ಲಿ ಕಾನೂನು ಇದಕ್ಕಿಂತ ಎಚ್ಚರವಾಗಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 277ನೆಯ ಕಲಂ, ಸಾಧ್ಯವಿದ್ದಲ್ಲಿ ಸಾಕ್ಷ್ಯವನ್ನು ಸಾಕ್ಷಿಯ ಭಾಷೆಯಲ್ಲಿಯೇ ಬರೆದುಕೊಳ್ಳಲು ಅವಕಾಶ ಕೊಟ್ಟಿತ್ತು. ಜೀವ, ಸ್ವಾತಂತ್ರ್ಯಗಳ ಪ್ರಶ್ನೆ ಬಂದಾಗ ಭಾಷೆ ನೆನಪಾಗುತ್ತದೆ. ಹೊಲ, ಮನೆ, ಬಾವಿಯ ಪಾಲುಗಳ ಪ್ರಶ್ನೆ ಬಂದಾಗ ಮರೆಯುತ್ತದೆ.

ಈ ಮರೆವು ಮೇಲ್ಮನವಿಯಲ್ಲಿ ಸರಿಹೋದೀತೆಂದು ನಂಬುವಂತಿಲ್ಲ. ಸಂಹಿತೆಯ 100ನೆಯ ಕಲಮಿನಡಿ ಉಚ್ಚ ನ್ಯಾಯಾಲಯದ ಎರಡನೆಯ ಮೇಲ್ಮನವಿಯು ಕಾನೂನಿನ ಗಣನೀಯ ಪ್ರಶ್ನೆಗಷ್ಟೇ ಮೀಸಲು. ವಾಸ್ತವಾಂಶಗಳ ನಿರ್ಣಯ ಬಹುಮಟ್ಟಿಗೆ ಜಿಲ್ಲೆಯ ಮಟ್ಟದಲ್ಲಿಯೇ ಮುಗಿಯುತ್ತದೆ. ಹೀಗಾಗಿ ಕೆಳ ನ್ಯಾಯಾಲಯದ ಅನುವಾದದಲ್ಲಿ ನುಸುಳಿದ ತಪ್ಪು ಮೇಲೇರುತ್ತಾ ಹೋದಂತೆ ತಪ್ಪಾಗಿ ಉಳಿಯುವುದಿಲ್ಲ, ವಾಸ್ತವಾಂಶವಾಗಿಬಿಡುತ್ತದೆ.

3. ಆಧಾರವೋ, ಆಧಾರವೋ

ದಸ್ತಾವೇಜುಗಳ ವಿಷಯದಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಚುಂಚುನ್ ಝಾ ಪ್ರಕರಣದಲ್ಲಿ, 1954ರಲ್ಲಿ, ಒಂದು ಪತ್ರವು ಕ್ರಯವೋ ಷರತ್ತಿನ ಕ್ರಯದ ರೂಪದ ಅಡಮಾನವೋ ಎಂಬ ಪ್ರಶ್ನೆ ಬಂದಾಗ, ಸರ್ವೋಚ್ಚ ನ್ಯಾಯಾಲಯವು ಬಹುಕಾಲ ಬಾಳಿದ ಸೂತ್ರವೊಂದನ್ನು ಕೊಟ್ಟಿತು: ನೋಡಬೇಕಾದದ್ದು ಪಕ್ಷಕಾರರ ಮನಸ್ಸಿನಲ್ಲಿದ್ದುದನ್ನಲ್ಲ, ಅವರು ಬಳಸಿದ ಪದಗಳ ಕಾನೂನುಬದ್ಧ ಪರಿಣಾಮವನ್ನು, ಎರಡು ಪತ್ರಗಳ ಮಾತು ಒಂದೇ ಆಗಿರುವುದಿಲ್ಲವಾದ್ದರಿಂದ ಪ್ರತಿಯೊಂದನ್ನೂ ಅದರದೇ ಮಾತಿನಿಂದ ಅರ್ಥೈಸಬೇಕು. ಸಾಹಿತ್ಯ ವಿಮರ್ಶಕನೂ ಒಪ್ಪುವಂಥ ಸೂತ್ರ. ಆದರೆ ಪತ್ರ ಕನ್ನಡದ್ದಾಗಿದ್ದು, ನ್ಯಾಯಾಧೀಶರ ಮುಂದಿರುವುದು ಅದರ ಅನುವಾದವಾಗಿದ್ದರೆ, ಬಳಸಿದ ಪದ ಎಂದರೆ ಯಾವುದು?

ಕನ್ನಡದ ನೋಂದಣಿ ಕಚೇರಿಯ ರೂಢಿಯಲ್ಲಿ 'ಆಧಾರ ಪತ್ರ' ಎಂದರೆ ಅಡಮಾನದ ಪತ್ರ; ಸಾಲ ತೀರಿದ ಮೇಲೆ ಬರೆಸಿಕೊಳ್ಳುವುದು 'ಆಧಾರ ಖುಲಾಸೆ'. ತೆಲುಗಿನಲ್ಲಿ 'ಆಧಾರಂ' ಎಂದರೆ ಆಸರೆ, ಪುರಾವೆ. ಅಡಮಾನಕ್ಕೆ ಅಲ್ಲಿರುವ ಮಾತು 'ತನಖಾ'. ಆ ತನಖಾ ಕನ್ನಡಿಗನ ಕಿವಿಗೆ ತನಿಖೆಯಂತೆ ಕೇಳಿಸುತ್ತದೆ. ದೂರದ ಭಾಷೆಯ ಪದವಾದರೆ ಅನುವಾದಕ ನಿಂತು ಯೋಚಿಸುತ್ತಾನೆ. ಸೋದರ ಭಾಷೆಯ ಪದವನ್ನು ಯೋಚಿಸದೆ ದಾಟಿಸಿಬಿಡುತ್ತಾನೆ. ಲಿಪಿಯ ನಂಟು, ಪದಗಳ ನಂಟು ಎರಡೂ ಇಲ್ಲಿ ಅಪಾಯವನ್ನು ಮರೆಮಾಡುತ್ತವೆ. ಅಡಮಾನದ ಪತ್ರವೊಂದು ಬರಿಯ ಪುರಾವೆಯ ಕಾಗದವಾಗಿ ದಾಖಲೆಗೆ ಏರಿದರೆ, ಹೊಲವನ್ನು ಬಿಡಿಸಿಕೊಳ್ಳುವ ಹಕ್ಕೇ ಕಣ್ಮರೆಯಾದೀತು.

ಇವು ಹಳೆಯ ಕಾಗದಗಳು, ಈಗೇಕೆ ಎನ್ನುವವರಿಗೆ ಸರ್ವೋಚ್ಚ ನ್ಯಾಯಾಲಯವೇ ಉತ್ತರಿಸಿದೆ. 2014ರ ಸಿಂಗ್ ರಾಮ್ ಪ್ರಕರಣದಲ್ಲಿ, ಭೋಗ್ಯದ ಅಡಮಾನವನ್ನು ಬಿಡಿಸಿಕೊಳ್ಳುವ ಕಾಲಮಿತಿಯು ಪತ್ರ ಬರೆದ ದಿನದಿಂದ ಶುರುವಾಗುವುದಿಲ್ಲವೆಂದು ಅದು ಹೇಳಿತು. ಅಂದರೆ ಅಜ್ಜ ಬರೆದುಕೊಟ್ಟ ಭೋಗ್ಯದ ಪತ್ರ ಮೊಮ್ಮಗನ ಕೈಯಲ್ಲಿಯೂ ಜೀವಂತ ಹಕ್ಕು. ಪತ್ರ ಬದುಕಿದೆ, ಅದನ್ನು ಓದಬಲ್ಲವರು ನ್ಯಾಯಾಲಯದಲ್ಲಿ ಇದ್ದಾರೆಯೇ ಎಂಬುದೇ ಪ್ರಶ್ನೆ.

4. ತಂದೆಗೆ ಆಯ್ಕೆ, ಸಾಕ್ಷಿಗೆ ಇಲ್ಲ

ಭಾಷೆಯ ಕುರಿತು ನಮ್ಮಲ್ಲಿ ಅತ್ಯಂತ ಹೆಚ್ಚು ಚರ್ಚೆಯಾದ ಸಿವಿಲ್ ಮೇಲ್ಮನವಿ 2014ರ ಮೇ 6ರಂದು ತೀರ್ಮಾನವಾದದ್ದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯಗೊಳಿಸಿದ ಕರ್ನಾಟಕ ಸರಕಾರದ 1994ರ ಆದೇಶವನ್ನು ಸಂವಿಧಾನ ಪೀಠವು ಒಪ್ಪಲಿಲ್ಲ. 350ಎ ವಿಧಿಯಲ್ಲಿ ಮಾತೃಭಾಷೆ ಎಂದರೆ ರಾಜ್ಯದ ಭಾಷಾ ಅಲ್ಪಸಂಖ್ಯಾತರ ಭಾಷೆ. ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ತಂದೆತಾಯಿ ಅಥವಾ ಪೋಷಕರು ಎಂದಿತು. ಬೆಂಗಳೂರಿನಲ್ಲಿ ಇದು ಕನ್ನಡದ ಸೋಲೆನಿಸಿತು. ಹಿಂದೂಪುರದಿಂದ ಓದಿದರೆ ಇದೇ ವಾಕ್ಯ ಬೇರೆಯಾಗಿ ಕೇಳಿಸುತ್ತದೆ: ಕನ್ನಡಿಗ ತಂದೆಯ ಮೇಲೆ ಬೇರೆ ಭಾಷೆಯನ್ನು ಹೇರುವ ಅಧಿಕಾರ ಅಲ್ಲಿನ ಸರಕಾರಕ್ಕೂ ಇಲ್ಲ. ಆದರೆ ಹೇರದಿರುವುದು ಬೇರೆ, ಒದಗಿಸುವುದು ಬೇರೆ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಭಾಷೆಯಲ್ಲಿ ಕಲಿಸುವ ಏರ್ಪಾಡಿರಬೇಕೆಂಬ 1949ರ ಸೂತ್ರಕ್ಕೆ ಈ ತೀರ್ಪು ಬಲವನ್ನೇನೂ ತುಂಬಲಿಲ್ಲ. ಆಯ್ಕೆ ಸಿಕ್ಕಿತು, ಮೇಷ್ಟರು ಸಿಕ್ಕಲಿಲ್ಲ.

ನನ್ನ ವಾದಕ್ಕೆ ಇನ್ನೊಂದು ಅಂಶ ಮುಖ್ಯ. ಭಾಷೆ ಯಾವುದೆಂದು ಹೇಳುವ ಅಧಿಕಾರವನ್ನು ಆಡುವವನಿಗೇ ಕೊಡುವ ಈ ತತ್ತ್ವವು ಶಾಲೆಯ ಬಾಗಿಲಲ್ಲಿಯೇ ನಿಂತುಬಿಟ್ಟಿದೆ. ಮಗುವಿನ ಭಾಷೆಯನ್ನು ತಂದೆ ಹೇಳಬಹುದು. ಅದೇ ತಂದೆ ಸಾಕ್ಷಿಯಾಗಿ ನಿಂತಾಗ ತನ್ನ ಭಾಷೆಯನ್ನು ಹೇಳಿ ಅದರಲ್ಲಿಯೇ ದಾಖಲಾಗುವ ಹಕ್ಕು ಅವನಿಗಿಲ್ಲ. ಎರಡೂ ಸಂದರ್ಭಗಳಲ್ಲಿ ಸಂವಿಧಾನ ಒಂದೇ, ಮನುಷ್ಯ ಒಬ್ಬನೇ.

5. ಪಾತೂರಿನ ನಾಮಫಲಕ

2025ರ ಏಪ್ರಿಲ್ 15ರ ತೀರ್ಪೊಂದು ಈ ಬಿಕ್ಕಟ್ಟಿನಲ್ಲಿ ಒಂದು ಕಿಂಡಿಯನ್ನು ತೆರೆದಿದೆ. ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಪಾತೂರು ಪುರಸಭೆಯ ನಾಮಫಲಕದಲ್ಲಿ ಮರಾಠಿಯ ಜೊತೆ ಉರ್ದು ಇರುವುದನ್ನು ಮಾಜಿ ಸದಸ್ಯೆಯೊಬ್ಬರು ಪ್ರಶ್ನಿಸಿದ್ದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರಿದ್ದ ಪೀಠವು ಆಕ್ಷೇಪವನ್ನು ತಳ್ಳಿಹಾಕಿತು. ರಾಜ್ಯದ ಅಧಿಕೃತ ಭಾಷೆಯ ಜೊತೆಗೆ ಇನ್ನೊಂದನ್ನು ಬಳಸಲು ಕಾನೂನಿನ ತಡೆಯಿಲ್ಲ, ಸ್ಥಳೀಯ ಜನರೊಡನೆ ಸಂವಹನ ನಡೆಸುವುದೇ ಪುರಸಭೆಯ ಭಾಷೆಯ ಉದ್ದೇಶ ಎಂಬುದು ಅದರ ಸಾರ. ತೀರ್ಪಿನ ಬಗ್ಗೆ ನಡೆದ ಚರ್ಚೆಯೆಲ್ಲ ಉರ್ದು ಮತ್ತು ಧರ್ಮದ ಸುತ್ತ ಸುತ್ತಿತು. ನಮಗೆ ಮುಖ್ಯವಾಗಬೇಕಾದದ್ದು ಅಳತೆಯ ಬದಲಾವಣೆ. ಇಲ್ಲಿ ನ್ಯಾಯಾಲಯ ನೋಡಿದ್ದು ರಾಜ್ಯದ ಜನಸಂಖ್ಯೆಯನ್ನಲ್ಲ, ಒಂದು ಊರಿನ ಬಾಳ್ವೆಯನ್ನು. ಎಲ್ಲಿ ಎಂಬ ಪ್ರಶ್ನೆಗೆ ಇಲ್ಲಿ ಸ್ಥಳದಿಂದಲೇ ಉತ್ತರ ಬಂದಿದೆ.

ಇದು ತೀರ ಹೊಸ ಆಲೋಚನೆಯೂ ಅಲ್ಲ. 1908ರ ನೋಂದಣಿ ಅಧಿನಿಯಮದ 19ನೆಯ ಕಲಂ, ನೋಂದಣಾಧಿಕಾರಿಗೆ ತಿಳಿಯದ ಭಾಷೆಯ ಪತ್ರಕ್ಕೆ ಅನುವಾದವನ್ನು ಕೇಳುವುದು ಆ ಭಾಷೆ 'ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿ' ಇಲ್ಲದಿದ್ದಾಗ ಮಾತ್ರ. ಭಾಷಾವಾರು ಪ್ರಾಂತ್ಯಗಳು ಹುಟ್ಟುವ ಎಷ್ಟೋ ಮುಂಚೆ ಬರೆದ ಈ ಒಣ ವಾಕ್ಯಕ್ಕೆ ಬಳಕೆಯೇ ಪ್ರಮಾಣ. ಅಧಿಕೃತ ಭಾಷೆ ಯಾವುದೆಂದು ಅದು ಕೇಳುವುದೇ ಇಲ್ಲ. 2022ರಲ್ಲಿ ಕಂದಾಯ ಜಿಲ್ಲೆಗಳ ಪುನರ್ವಿಂಗಡಣೆಯಾಗಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಎರಡೂ ಕಡೆ ಕನ್ನಡದ ಬಳಕೆಯನ್ನು ದಾಖಲಿಸಿ ಮುಂದಿಡುವ ಕೆಲಸ ಈಗ ಇನ್ನಷ್ಟು ಅಗತ್ಯ.

6. ಮರೆತುಹೋದ ಒಂದು ಸಲಹೆ

ಕೊನೆಯದಾಗಿ ಸೇಲಂ ತೀರ್ಪಿಗೇ ಮರಳಬೇಕು. ಕಮಿಷನರರು ಸಾಕ್ಷ್ಯವನ್ನು ಬರೆದುಕೊಳ್ಳುವಾಗ ಜೊತೆಯಲ್ಲಿ ಕನಿಷ್ಠ ಧ್ವನಿಮುದ್ರಣವಾದರೂ ಇರುವುದು ಒಳ್ಳೆಯದು, ಮುಂದಿನ ವಿವಾದಗಳು ಅದರಿಂದ ತಪ್ಪುತ್ತವೆ ಎಂದು ಆ ತೀರ್ಪು ಸಲಹೆ ಮಾಡಿದೆ. ನ್ಯಾಯಾಲಯದ ಮನಸ್ಸಿನಲ್ಲಿ ಆಗ ಭಾಷಾ ಅಲ್ಪಸಂಖ್ಯಾತರಿರಲಿಲ್ಲ. ಆದರೆ ಗಡಿನಾಡಿನ ಸಾಕ್ಷಿಗೆ ಇದಕ್ಕಿಂತ ಉಪಯುಕ್ತವಾದ ಮಾತು ಆ ವಾರದ ಎರಡು ತೀರ್ಪುಗಳಲ್ಲಿ ಬೇರೊಂದಿಲ್ಲ. ಧ್ವನಿಮುದ್ರಿಕೆಯಲ್ಲಿ ಉಳಿಯುವುದು ಅನುವಾದವಲ್ಲ, ಕನ್ನಡ. ಅನುವಾದದ ಮೇಲೆ ತಕರಾರು ಬಂದಾಗ ಮೂಲಕ್ಕೆ ಹಿಂದಿರುಗುವ ದಾರಿ ಇರುತ್ತದೆ.

ಈ ಸಲಹೆಯನ್ನು ಗಡಿ ತಾಲ್ಲೂಕುಗಳ ಎಲ್ಲ ಸಿವಿಲ್ ವಿಚಾರಣೆಗಳಿಗೂ ಅನ್ವಯಿಸಬೇಕೆಂದು ಉಚ್ಚ ನ್ಯಾಯಾಲಯವನ್ನು ಕೋರಲು ಸಂವಿಧಾನದ ತಿದ್ದುಪಡಿಯೇನೂ ಬೇಕಿಲ್ಲ. ದಸ್ತಾವೇಜಿನ ಕನ್ನಡಕ್ಕೂ ತೆಲುಗಿಗೂ ಒಂದು ಪದಕೋಶವನ್ನು ಸಿದ್ಧಪಡಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಎರಡೂ ಭಾಷೆಗಳನ್ನು ಬಲ್ಲ ಅಧ್ಯಾಪಕರು ಬೇಕು, ಹಳೆಯ ಪತ್ರಗಳನ್ನು ಓದಿ ಪಳಗಿದ ಪತ್ರ ಬರಹಗಾರರು ಬೇಕು. ಮೊದಲನೆಯವರು ಈ ಪತ್ರಿಕೆಯ ಓದುಗರಲ್ಲಿಯೇ ಇದ್ದಾರೆ. ಎರಡನೆಯವರ ಸಂಖ್ಯೆ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದೆ.